ಸವೆಯದ ಅಟ್ಟೆ

ಸೆಪ್ಟೆಂಬರ್ 4

ಮೊದಲು ಖರ್ಚು, ಆಮೇಲೆ ಸಂಭ್ರಮ. ಈ ಓದಿಗೆ ಇಲ್ಲಿಯವರೆಗೆ ಬಿದ್ದದ್ದು: ನನ್ನ ನಾಲ್ಕು ಬಳೆ. ಅಂಗಡಿಯ ಎರಡು ಬಾಗಿಲಲ್ಲಿ ಒಂದು. ಅಲ್ಲೀಗ ಮೊಬೈಲ್ ರಿಪೇರಿಯವನು ಬಾಡಿಗೆಗೆ ಕೂತಿದ್ದಾನೆ. ಒಂದು ವರ್ಷದ ಸಂಜೆಗಳು; ಈ ಪರದೇಶದ ಭಾಷೆ ಕಲಿಯಲೆಂದು ಊರಿನಲ್ಲಿ ಚಿಕ್ಕ ಮಕ್ಕಳ ಬೆಂಚಿನಲ್ಲಿ ಮಂಡಿ ಮಡಿಸಿ ಕೂತು "ಇದು ಮೇಜು, ಅದು ಬೆಕ್ಕು" ಎಂದು ಒಪ್ಪಿಸಿದ್ದೇನೆ. ಯಜಮಾನರ ಕಂಡಕ್ಟರ್ ನೌಕರಿ. ಅಂಗಡಿ ನೋಡಿಕೊಳ್ಳಲು ಅವಧಿಗೆ ಮುಂಚೆಯೇ ಬಿಟ್ಟರು. ಕೊನೆಗೆ ತಂಗಿಯ ಮಾತು. "ನಲವತ್ತನಾಲ್ಕಕ್ಕೆ ಕಾಲೇಜಿಗೆ ಹೋಗ್ತೀಯಾ, ಅದೂ ಚಪ್ಪಲಿ ಹೊಲಿಯೋ ಕಾಲೇಜಿಗೆ" ಎಂದು ನಕ್ಕವಳು ಆಮೇಲೆ ಮಾತೇ ಬಿಟ್ಟಳು. ಇದನ್ನು ಖರ್ಚಿಗೆ ಬರೆಯಬೇಕೋ ಉಳಿತಾಯಕ್ಕೋ ಇನ್ನೂ ತೀರ್ಮಾನಿಸಿಲ್ಲ.

ಬಂದದ್ದು ದೊಡ್ಡಮ್ಮನ ಕಾಲಿಗಾಗಿ. ಅಮ್ಮ ತೀರಿಕೊಂಡ ಮೇಲೆ ನನ್ನನ್ನೂ ತಂಗಿಯನ್ನೂ ತಳ್ಳುಗಾಡಿಯಲ್ಲಿ ಚಪ್ಪಲಿ ಮಾರಿ ಸಾಕಿದವಳು ಅವಳು. ಅವಳು ಗಾಡಿ ತಳ್ಳುತ್ತಿದ್ದಳು, ನಾನು ಮುಂದೆ ನಡೆಯುತ್ತ ಕೂಗುತ್ತಿದ್ದೆ. ಆ ಗಾಡಿಯೇ ಇವತ್ತಿನ ಅಂಗಡಿ. ಗಾಡಿ ತಳ್ಳಿದ ಕಾಲಿನಲ್ಲಿ ಹೆಬ್ಬೆರಳ ಬುಡ ಈರುಳ್ಳಿಯಷ್ಟು ಉಬ್ಬಿದೆ, ಉಳಿದ ಬೆರಳುಗಳು ಬೆಳಗಿನ ಬಸ್ಸಿನ ಜನರಂತೆ ಒಂದರ ಮೇಲೊಂದು ಹತ್ತಿವೆ. ಎರಡು ವರ್ಷದಿಂದ ಹೊಸಿಲಾಚೆ ಹೋಗಿಲ್ಲ. ಕೇಳಿದರೆ "ಟೀವಿ ಇದೆಯಲ್ಲ" ಅನ್ನುತ್ತಾಳೆ. "ಈ ಕಾಲಿಗೆ ಅಂಗಡಿ ಚಪ್ಪಲಿ ಆಗಲ್ಲಮ್ಮ. ಕಾಲಿನ ಅಳತೆಗೇ ಮಾಡಿಸ್ಬೇಕು. ಮಾಡೋರು ನಮ್ಮ ಕಡೆ ಯಾರೂ ಇಲ್ಲ" ಅಂದರು ಮನೆಗೆ ಬಂದು ನೋಡಿದ ಡಾಕ್ಟರು. ಮಾಡುವವರು ಇಲ್ಲ ಎಂದು ಯಾರಾದರೂ ಅಂದರೆ, ವ್ಯಾಪಾರ ಇದೆ ಎಂದು ನನ್ನ ಕಿವಿಗೆ ಕೇಳಿಸುತ್ತದೆ. ನೋಯುವ ಕಾಲಿಗೆ ಪಾದರಕ್ಷೆ ಮಾಡುವುದನ್ನು ಕಲಿಸುವ ಶಾಲೆ ಎಲ್ಲಿದೆ ಎಂದು ಹುಡುಕಿದೆ. ಇಲ್ಲಿತ್ತು. ಒಂಬತ್ತು ತಿಂಗಳ ಪಾಠ.

ಕೋಣೆ ನಾಲ್ಕನೆಯ ಮಹಡಿಯಲ್ಲಿ. ಕಿಟಕಿ ನನ್ನ ಎದೆಮಟ್ಟಕ್ಕೆ ಬರುತ್ತದೆ. ಅದರಿಂದ ಬಗ್ಗಿ ನೋಡಿದರೆ ಒಂದು ಬೇಕರಿ, ಒಂದು ಬಟ್ಟೆ ತೊಳೆಯುವ ಅಂಗಡಿ, ಬಸ್ ನಿಲ್ದಾಣ. ಬಸ್ಸಿಗೆ ಕಾಯುವವರ ಕಾಲನ್ನೇ ಒಂದು ಗಂಟೆ ನೋಡಿದೆ. ಒಬ್ಬರ ಶೂವಿನ ಬಣ್ಣವೂ ಹೋಗಿಲ್ಲ. ನಿದ್ದೆ ಹತ್ತಿರಕ್ಕೂ ಸುಳಿಯುತ್ತಿಲ್ಲ, ಖುಷಿಗೆ. ಕನ್ನಡದಲ್ಲಿ ಮಾತಾಡಲು ಇಲ್ಲಿ ನರಪಿಳ್ಳೆಯಿಲ್ಲ, ನನ್ನ ಬಾಯಿಗೋ ರಜೆ ಅಭ್ಯಾಸವಿಲ್ಲ. ಹಾಗಾಗಿ ಈ ಪುಸ್ತಕ.

ಸೆಪ್ಟೆಂಬರ್ 6

ಶಾಲೆ ನೋಡಿ ಬಂದೆ. ಬಾಗಿಲು ತೆರೆದರೆ ಚರ್ಮ ಮತ್ತು ಅಂಟಿನ ವಾಸನೆ, ತವರುಮನೆಗೆ ಬಂದಂತಾಯಿತು. ಒಂದು ಗೋಡೆಯ ತುಂಬ ಮರದ ಪಾದಗಳು. ಇವೇ ಅಚ್ಚುಗಳು, ಇವುಗಳ ಮೇಲೆ ಚರ್ಮ ಎಳೆದು ಶೂ ಕಟ್ಟುವುದು. ಪ್ರತಿಯೊಂದೂ ಒಬ್ಬರ ಕಾಲು, ಗುಬುಟು ಸಮೇತ. ಅಲ್ಲೇ ನಿಂತು ಒಂದೊಂದನ್ನೂ ಮುಟ್ಟಿ ನೋಡಿದೆ.

ಪಾಠ ಮಾಡುವ ಮೇಡಂ ಅರವತ್ತರ ಹತ್ತಿರದವರು. ಬೆರಳುಗಳು ಗಟ್ಟಿ, ಮಾತು ಮಿತ. ನಾನು ಹೋದವಳೇ ನನ್ನ ಅಂಗಡಿ, ಗಾಡಿ, ಗಿರಾಕಿ ಎಲ್ಲ ಹೇಳಿದೆ. ನನಗಿರುವ ಭಾಷೆಯಲ್ಲಿ ಕ್ರಿಯಾಪದ ಕಮ್ಮಿ, ಕೈಸನ್ನೆ ಜಾಸ್ತಿ. ಕೊನೆಗೆ ಇಡೀ ತರಗತಿ ನಗುತ್ತಿತ್ತು. ಎಲ್ಲ ಇಪ್ಪತ್ತರ ಆಸುಪಾಸಿನವರು. ಮೇಡಂ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ನಿಮ್ಮ ಅಂಗಡಿಯಲ್ಲಿ ಬಿಗಿಯಾಯ್ತು ಅಂತ ಗಿರಾಕಿ ಹೇಳಿದ್ರೆ ಏನ್ಮಾಡ್ತೀರಿ?"

"ಹಾಕ್ತಾ ಹಾಕ್ತಾ ಸರಿಹೋಗುತ್ತೆ ಅಂತೀನಿ ಮೇಡಂ."

"ಸರಿಹೋಗುತ್ತಾ?"

"ವಾಪಸ್ ಯಾರೂ ಬರಲ್ಲ."

ಮತ್ತೆ ಎಲ್ಲ ನಕ್ಕರು. ಮೇಡಂ ಮಾತ್ರ ನಗಲಿಲ್ಲ. ಹಲ್ಲುನೋವಿರಬೇಕು.

ಸೆಪ್ಟೆಂಬರ್ 15

ಕಂಬಳಿ ಕೊಳ್ಳಲು ಹೋಗಿದ್ದೆ. ಬೆಲೆ ಚೀಟಿಯಲ್ಲಿ ಅಂಟಿಸಿದ್ದಾರೆ. ಚೀಟಿ ಇದ್ದರೇನು, ಮಾರುವವಳಿಗೆ ಬಾಯಿದೆ, ಕೊಳ್ಳುವವಳಿಗೂ ಬಾಯಿದೆ. "ಕೊನೆಯ ಬೆಲೆ ಹೇಳಿ" ಅಂದೆ. ಅವಳು ಚೀಟಿ ತೋರಿಸಿದಳು. "ಎರಡು ತಗೊಂಡ್ರೆ?" ಅಂದೆ. ಎರಡರ ಮೊತ್ತ ಹೇಳಿದಳು. ಬಾಗಿಲವರೆಗೆ ನಡೆದು ಹೋದೆ. ಎಲ್ಲಿಯಾದರೂ ಇಷ್ಟರಲ್ಲಿ "ಬನ್ನಿ ಬನ್ನಿ" ಎಂದು ಕರೆಯಬೇಕು. ತಿರುಗಿ ನೋಡಿದರೆ ಅವಳು ಬಟ್ಟೆ ಮಡಿಸುತ್ತಿದ್ದಾಳೆ. ನಾನೇ ನಾಚಿಕೆ ಬಿಟ್ಟು ವಾಪಸಾಗಿ ಚೀಟಿಯ ಬೆಲೆಗೇ ಕೊಂಡೆ. ಹೊರಡುವಾಗ ಒಂದು ಸುಳ್ಳು ಕೆಮ್ಮು ಕೆಮ್ಮಿದೆ. ಶುಂಠಿ ಮಿಠಾಯಿ ಒಂದು ಪುಕ್ಕಟೆ ಕೊಟ್ಟಳು. ಬಾಯಿದ್ದವಳು ಬರದಲ್ಲೂ ಬದುಕಿದಳು.

ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ. ಸತ್ತವರ ಮನೆಗೆ ಹೋಗುತ್ತಿರುವ ಹಾಗೆ ಕೂರುತ್ತಾರೆ. ಇವತ್ತು ಪಕ್ಕದಲ್ಲಿದ್ದಾಕೆಯ ಶೂ ಹೊಗಳಿದೆ. ಎರಡು ನಿಲ್ದಾಣದೊಳಗೆ ಅವಳ ಗಂಡನ ಮಂಡಿ ಆಪರೇಷನ್ ತನಕ ಬಂದೆವು. ಇಲ್ಲಿನವರು ಬಿಗಿ ಮುಚ್ಚಳದ ಡಬ್ಬಿಗಳು, ಅಷ್ಟೇ. ತಿರುಗಿಸುವ ಕೈ ಬೇಕು.

ಮನೆಗೆ ಫೋನ್ ಮಾಡಿದೆ. ಯಜಮಾನರು ಇಪ್ಪತ್ತು ವರ್ಷ "ಟಿಕೆಟ್" ಎಂಬ ಒಂದೇ ಮಾತಿನಲ್ಲಿ ಸಂಸಾರ ನಡೆಸಿದವರು. ಅವರು ಗಲ್ಲಾದಲ್ಲಿ ಕೂತಿರುವುದನ್ನು ನೆನೆದರೆ ನನಗೆ ಎದೆ ಧಸಕ್ಕೆನ್ನುತ್ತದೆ.

"ವ್ಯಾಪಾರ ಹೇಗಿದೆ? ಚೆನ್ನಾಗಿದೆ ತಾನೆ? ಬಂದವರನ್ನ ಮಾತಾಡಿಸ್ತಿದೀರಾ ತಾನೆ? ಸುಮ್ನೆ ಕೂತಿಲ್ಲ ತಾನೆ?"

"ಹೂಂ."

"ದೊಡ್ಡಮ್ಮ ಆರಾಮಾ? ನಾನು ಹೊರಡೋ ಮುಂಚೆ ಕೊಟ್ಟ ಮೆತ್ತನೆ ಚಪ್ಪಲಿ ಹಾಕ್ಕೊಳ್ತಿದಾಳಾ? ಹಿತವಾಗಿದೆಯಂತಾ?"

ದೊಡ್ಡಮ್ಮನೇ ಫೋನ್ ಕಿತ್ತುಕೊಂಡಳು. "ಹೂವಿನ ಹಾಗಿದೆ ಕಣೇ ಮಗಳೇ. ನೀನು ಅಲ್ಲಿ ಬಿಸಿ ಅನ್ನ ತಿನ್ನು. ನನ್ನ ಕಾಲಿನ ಚಿಂತೆ ಬಿಡು."

ಕೇಳಿ ಹೊಟ್ಟೆ ತುಂಬಿತು.

ಅಕ್ಟೋಬರ್ 2

ಅಂಟು ಕಾಯಿಸುವುದು, ಚರ್ಮ ತೆಳುಗೊಳಿಸುವುದು, ಅಚ್ಚಿಗೆ ಚರ್ಮ ಎಳೆದು ಮೊಳೆ ಹೊಡೆಯುವುದು. ಕೈ ತುಂಬ ಗಾಯ, ಮನಸ್ಸು ತುಂಬ ಹಬ್ಬ. ಬರೆಯಲು ಹೊತ್ತಿಲ್ಲ.

ಅಕ್ಟೋಬರ್ 20

ಕೋಣೆಗೆ ಜೊತೆಗಾತಿ ಬಂದಳು. ಇನ್ಯಾವುದೋ ದೇಶದವಳು, ನರ್ಸ್ ಕೆಲಸ ಕಲಿಯುತ್ತಿದ್ದಾಳೆ. ಇಲ್ಲಿನ ಭಾಷೆ ಅವಳಿಗೂ ಅರ್ಧಂಬರ್ಧ. ಇಬ್ಬರ ಅರ್ಧ ಸೇರಿದರೆ ಒಂದಾಗಬೇಕಿತ್ತು, ಕಾಲಾಗಿದೆ. ಒಂದೇ ಒಲೆಯಲ್ಲಿ ಸರದಿಯ ಮೇಲೆ ಅನ್ನ ಮಾಡುತ್ತೇವೆ. ಬಟ್ಟೆ ತೊಳೆಯುವ ಯಂತ್ರಕ್ಕೆ ಯಾವ ಗುಂಡಿ ಒತ್ತಬೇಕೆಂದು ಅವಳೇ ತೋರಿಸಿಕೊಟ್ಟಳು. ಅದಕ್ಕೆ ಮೊದಲು ನಾನು ಎರಡು ವಾರ ಒಣಗಿಸುವ ಯಂತ್ರದ ಬಿಸಿಗಾಳಿಯಲ್ಲಿ ಒಣ ಬಟ್ಟೆ ಸುತ್ತಿಸಿ ತೊಳೆದಾಯಿತೆಂದು ತಂದುಕೊಂಡಿದ್ದೆ.

ರಾತ್ರಿ ಅವಳನ್ನು ಕೇಳಿದೆ, "ರೋಗಿಗೆ ನೋವಿದೆಯಾ ಅಂತ ಹೇಗೆ ಕೇಳ್ತೀರಿ ನಿಮ್ಮಲ್ಲಿ?" ಪಾಠದಲ್ಲಿ ಆ ಪದ ಬೇಕಿತ್ತು.

"ನೋವಿದೆಯಾ ಅಂತ ಕೇಳಲ್ಲ. ಎಲ್ಲಿ ನೋವು ಅಂತ ಕೇಳ್ತೀವಿ."

"ಇಲ್ಲದಿದ್ರೆ?"

"ಇಲ್ಲದಿದ್ರೆ ಇಲ್ಲ ಅಂತಾರೆ. ಇದೆಯಾ ಅಂದ್ರೆ ಇದ್ದವರೂ ಇಲ್ಲ ಅಂದುಬಿಡ್ತಾರೆ."

ನರ್ಸುಗಳದ್ದು ಅವರದೇ ಒಂದು ಲೆಕ್ಕ. ನನಗೆ ಬೇಕಿದ್ದ ಪದ ಸಿಕ್ಕಿತು, ಬರೆದುಕೊಂಡೆ.

ಜನವರಿ 11

ಕೊನೆಯ ಪರೀಕ್ಷೆಯ ನಿಯಮ ಹೇಳಿದರು. ಪರೀಕ್ಷೆ ಕಾಗದದ ಮೇಲಲ್ಲ, ಕಾಲಿನ ಮೇಲೆ. ಕಾಲುನೋವಿರುವ ಒಬ್ಬೊಬ್ಬರನ್ನು ಒಬ್ಬೊಬ್ಬ ವಿದ್ಯಾರ್ಥಿಗೆ ಕೊಡುತ್ತಾರೆ. ಅವರಿಗೆ ಶೂ ಮಾಡಬೇಕು, ಅವರು ಅದನ್ನು ಕನಿಷ್ಠ ಒಂದು ತಿಂಗಳು ಹಾಕಿ ಓಡಾಡಬೇಕು. ಮೇ ತಿಂಗಳ ಕೊನೆಗೆ ಪರೀಕ್ಷಕರು ಮೊದಲು ಶೂವಿನ ಅಟ್ಟೆ, ಅಂದರೆ ನೆಲಕ್ಕೆ ತಾಗುವ ತಳ, ನೋಡುತ್ತಾರೆ. ಆಮೇಲೆ ಹಾಕಿಕೊಂಡವರನ್ನು ಕೇಳುತ್ತಾರೆ. ಇದರಲ್ಲಿ ಬಿದ್ದರೆ ಮತ್ತೆ ಮೊದಲಿನಿಂದ ಒಂದು ವರ್ಷ. ಆ ವರ್ಷ ನನ್ನಲ್ಲಿಲ್ಲ. ಕೈ ಬರಿದು, ಅಂಗಡಿಗೆ ಇರುವುದೂ ಒಂದೇ ಬಾಗಿಲು.

ನನಗೆ ಸಿಕ್ಕಿದ್ದು ನಿವೃತ್ತ ಅಂಚೆಯವರು. ಮುಟ್ಟಿದರೆ ಗಾಬರಿಯಾಗುವಷ್ಟು ಸಭ್ಯರು. ಕಾಲುಚೀಲ ಬಿಚ್ಚುವ ಮುಂಚೆ ಕ್ಷಮೆ ಕೇಳಿದರು. ಬಿಚ್ಚಿದ ಮೇಲೆ ನಾನು ಬಗ್ಗಿ ನೋಡಿದೆ. ಅದೇ ಈರುಳ್ಳಿ ಗುಬುಟು, ಅದೇ ಬಸ್ಸಿನ ಜನ. ದೊಡ್ಡಮ್ಮನ ಕಾಲೇ ಬಿಳಿ ಬಣ್ಣ ಬಳಿದುಕೊಂಡು ಬಂದ ಹಾಗಿತ್ತು. ಖುಷಿಯಲ್ಲಿ ಎರಡು ಗಂಟೆ ಮಾತಾಡಿದೆ. ಬಸ್ಸಿನ ಕಥೆ, ಕಂಬಳಿ ಕಥೆ, ಗಾಡಿ ಕಥೆ. ಮೀಸೆ ಕುಣಿಸಿ ನಕ್ಕರು. ಅಂಚೆಯಜ್ಜ ಎಂದು ಹೆಸರಿಟ್ಟಿದ್ದೇನೆ.

ಮೇಡಂ ಹಾದು ಹೋಗುವಾಗ ಅಂದರು, "ಅಳತೆ ಆಯ್ತಾ?"

"ಅರ್ಧ ಆಗಿದೆ ಮೇಡಂ. ಪರಿಚಯ ಪೂರ್ತಿ ಆಗಿದೆ."

ಫೆಬ್ರವರಿ 19

ಆಯಿತು. ನನ್ನ ಕೈಯಿಂದ ಹುಟ್ಟಿದ ಮೊದಲ ಜೊತೆ. ಕಂದು ಬಣ್ಣ, ಹೊಲಿಗೆ ಇರುವೆ ಸಾಲಿನಂತೆ, ಗುಬುಟಿನ ಜಾಗದಲ್ಲಿ ಮೆತ್ತನೆ ಚರ್ಮ. ಅಂಚೆಯಜ್ಜ ಹಾಕಿಕೊಂಡು ಎದ್ದು ನಿಂತರು.

"ಹೇಗಿದೆ? ಹಿತವಾಗಿದೆ ಅಲ್ವಾ? ಹೊಸದು ಸ್ವಲ್ಪ ಬಿಗಿ ಅನ್ಸುತ್ತೆ, ಅದು ಲೆಕ್ಕಕ್ಕಿಲ್ಲ. ಗುಬುಟಿಗೆ ತಾಗ್ತಿಲ್ಲ ತಾನೆ?"

"ಇಲ್ಲ ಇಲ್ಲ. ತುಂಬಾ ಚೆನ್ನಾಗಿದೆ. ಹೂವಿನ ಹಾಗಿದೆ."

ಇವರ ಭಾಷೆಯಲ್ಲೂ ಹೂವಿನ ಮಾತೇ ಇದೆ ನೋಡಿ. ಮೇಡಂ ಶೂ ಎತ್ತಿ, ತಿರುಗಿಸಿ, ತಳ ನೋಡಿ ಕೆಳಗಿಟ್ಟರು. "ಮೂರು ವಾರ ಬಿಟ್ಟು ಮತ್ತೆ ತನ್ನಿ" ಎಂದರು, ಅಷ್ಟೇ. ಹೊಗಳಿದರೆ ನಾಲಿಗೆ ಸವೆಯುತ್ತದೇನೋ.

ಮನೆಗೆ ಫೋನ್ ಮಾಡಿ ಊದಿದೆ. ಯಜಮಾನರು "ಹೂಂ" ಎಂದರು. ಅವರ ಹೂಂಗಳಲ್ಲಿ ಇದು ಉದ್ದನೆಯದು. ಬೇಕರಿಯಲ್ಲಿ ದೊಡ್ಡ ಕೇಕಿನ ತುಂಡು ಕೊಂಡು ನರ್ಸ್ ಹುಡುಗಿಯೊಡನೆ ತಿಂದೆ. ಚೀಟಿಯ ಬೆಲೆಗೇ. ಚೌಕಾಸಿ ಮಾಡಲು ಮರೆತೇಹೋಯಿತು.

ಮಾರ್ಚ್ 12

ಇವತ್ತಿನದು ಹೇಗೆ ಬರೆಯಲಿ.

ಅಂಚೆಯಜ್ಜ ಬಂದರು. ಕಾಲಲ್ಲಿ ನನ್ನ ಶೂ. "ದಿನಾ ಹಾಕ್ಕೊಳ್ತೀನಿ" ಅಂದರು. ಕೈಯಲ್ಲಿ ಒಂದು ಬಟ್ಟೆ ಚೀಲ. ನಾನು ಮಾತಾಡುತ್ತಲೇ ಶೂ ಬಿಚ್ಚಿಸಿ ತಿರುಗಿಸಿದೆ.

ಚಪ್ಪಲಿ ವ್ಯಾಪಾರದಲ್ಲಿ ನನ್ನ ಕೂದಲು ನೆರೆತಿದೆ. ಅಟ್ಟೆ ನೋಡಿ ಮನುಷ್ಯ ಎಷ್ಟು ನಡೆದ, ಯಾವ ಕಾಲು ಎಳೆಯುತ್ತಾನೆ, ಸೈಕಲ್ ಹೊಡೆಯುತ್ತಾನಾ ಎಲ್ಲ ಹೇಳುತ್ತೇನೆ. ಈ ಅಟ್ಟೆಯ ಮೇಲೆ ಒಂದು ಗೀರಿರಲಿಲ್ಲ. ನಾನು ಹಚ್ಚಿದ ಮೇಣ ಹಚ್ಚಿದ ಹಾಗೇ ಹೊಳೆಯುತ್ತಿತ್ತು. ಹಿಮ್ಮಡಿಯಲ್ಲಿ ಶಾಲೆಯ ಮೆಟ್ಟಿಲಿನ ಒಂದಿಷ್ಟು ಧೂಳು. ಬಟ್ಟೆ ಚೀಲದಲ್ಲಿ ಏನಿದೆ ಎಂದು ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದೆ. ಅವರ ಹಳೆಯ, ಮುಂತುದಿ ಕತ್ತರಿಸಿದ ಶೂ. ಬಾಗಿಲಾಚೆ ಬದಲಿಸಿಕೊಂಡು ಬಂದಿದ್ದರು.

ಮುಖ ಕೆಂಪಾಯಿತು ಅಜ್ಜನಿಗೆ. "ನೀವು ಅಷ್ಟು ಖುಷಿಯಾಗಿ ಕೇಳಿದಿರಿ. ಇಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ."

ಮೇಡಂ ಬಂದು ಅಟ್ಟೆ ನೋಡಿದರು. ಬೈಯಲಿಲ್ಲ. "ಏಪ್ರಿಲ್ ಇಪ್ಪತ್ತರೊಳಗೆ ಇನ್ನೊಂದು ಜೊತೆ ಆದ್ರೆ ಪರೀಕ್ಷೆಗೆ ತಿಂಗಳು ಸಿಗುತ್ತೆ. ಅಚ್ಚು ಹೊಸದಾಗಿ ಆಗ್ಬೇಕು" ಎಂದರು. ಮತ್ತೆ ನನ್ನನ್ನೇ ನೋಡಿ, "ಇಷ್ಟು ದಿನ ಅಳೆದದ್ದು ಅವರ ಕಾಲನ್ನಲ್ಲ" ಎಂದರು.

ಮಾರ್ಚ್ 13

ನಿದ್ದೆ ಬರಲಿಲ್ಲ. ದೊಡ್ಡಮ್ಮನ "ಹೂವಿನ ಹಾಗಿದೆ" ತಲೆಯಲ್ಲಿ ಸುತ್ತಿತು. ಅಂಗಡಿ ತೆರೆಯುವ ಹೊತ್ತಿಗೆ ಫೋನ್ ಮಾಡಿದೆ.

"ರೀ, ಒಂದು ಕೆಲಸ ಮಾಡಿ. ದೊಡ್ಡಮ್ಮನ ಮಂಚದ ಕೆಳಗೆ ನಾನು ಕೊಟ್ಟ ಚಪ್ಪಲಿಗಳಿವೆಯಲ್ಲ, ಎಲ್ಲ ತಿರುಗಿಸಿ ಅಟ್ಟೆ ನೋಡಿ."

"ನೋಡೋದೇನಿದೆ. ಹೊಸದರ ಹಾಗೇ ಇವೆ."

"ಎಲ್ಲಾ?"

"ಎಲ್ಲಾ. ನೀನು ಬರೋ ಹೊತ್ತಿಗೆ ಹಾಕ್ಕೊಂಡು ಕೂರೋದು, ನೀನು ಅಂಗಡಿಗೆ ಹೋದ ಮೇಲೆ ಬಿಚ್ಚಿಡೋದು."

"ನಿಮಗೆ ಗೊತ್ತಿತ್ತಾ? ನನಗೆ ಯಾಕೆ ಹೇಳಲಿಲ್ಲ?"

ಅವರು ನಮ್ಮ ಮದುವೆಯಾದ ಮೇಲೆ ಆಡಿದ್ದರಲ್ಲೆಲ್ಲ ಉದ್ದದ ಮಾತು ಆಡಿದರು. "ನೀನು ಕೇಳ್ತೀಯ ಕಣೇ, ಇಲ್ಲ ಅನ್ನಲ್ಲ. ಆದ್ರೆ ಪ್ರಶ್ನೆ ಜೊತೆಗೇ ಉತ್ತರಾನೂ ಕಟ್ಟಿಕೊಡ್ತೀಯ. ನಮಗೆ ಉಳಿಯೋದು ಹೂಂ ಅನ್ನೋದೊಂದೇ."

ದೀಪದ ಬುಡದಲ್ಲೇ ಕತ್ತಲೆ ಅಂತಾರೆ. ನಾನು ಆ ಕತ್ತಲೆಗೆ ಎಣ್ಣೆ ಹಾಕಿದವಳು. ಆದರೆ ಅಳುವುದಕ್ಕೆ ಬಿಡುವಿಲ್ಲ. ಅಚ್ಚು ಹೊಸದಾಗಬೇಕು.

ಮಾರ್ಚ್ 21

ಅಂಚೆಯಜ್ಜನನ್ನು ಮತ್ತೆ ಕರೆಸಿದೆ. ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಮೆಟ್ಟಿಲಲ್ಲಿ ಆಣೆ ಹಾಕಿದ್ದೆ. ಅವರು ಕೂತ ಕೂಡಲೇ "ಹಿಮ್ಮಡಿಗೆ ತೊಂದರೆ ಇಲ್ಲ ಅಲ್ವಾ" ಎಂದು ನನ್ನ ಬಾಯಿಂದಲೇ ಬಿತ್ತು. ಅವರು "ಇಲ್ಲ ಇಲ್ಲ" ಅಂದರು. ಹಿಂದಿನಿಂದ ಮೇಡಂ ಬಂದು ನನ್ನ ಮುಂದೆ ಮೊಳೆಯ ಡಬ್ಬಿ ಇಟ್ಟರು.

"ಬಾಯಲ್ಲಿಟ್ಟುಕೊಳ್ಳಿ."

ಅಚ್ಚಿಗೆ ಚರ್ಮ ಎಳೆಯುವಾಗ ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಸುತ್ತಿಗೆ. ಮೊಳೆ ಹಿಡಿಯಲು ಮೂರನೆಯ ಕೈಯಿಲ್ಲ. ಅದಕ್ಕೆ ನಮ್ಮ ಕಸುಬಿನವರು ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಟ್ಟುಕೊಳ್ಳುತ್ತಾರೆ. ಆದರೆ ಈಗ ಚರ್ಮವೂ ಇಲ್ಲ, ಅಚ್ಚೂ ಇಲ್ಲ.

"ಮೊಳೆ ಹೊಡೆಯೋದು ಏನಿದೆ ಮೇಡಂ?"

"ಏನೂ ಇಲ್ಲ. ಅವರು ನಡೆಯೋವರೆಗೂ ಇಟ್ಟುಕೊಳ್ಳಿ."

ಎಂಟು ಮೊಳೆ ಬಾಯಲ್ಲಿಟ್ಟುಕೊಂಡೆ. ಕಬ್ಬಿಣದ ರುಚಿ. ಅಜ್ಜ ಉದ್ದನೆಯ ಕೋಣೆಯಲ್ಲಿ ಬರಿಗಾಲಲ್ಲಿ ನಡೆದರು, ತಿರುಗಿದರು, ನಡೆದರು. ನಾನು ಸುಮ್ಮನೆ ಅವರ ಪಾದ ನೋಡುತ್ತಿದ್ದೆ. ಹೇಳಬೇಕಾದ್ದು ಗಂಟಲವರೆಗೆ ಬಂದು ಮೊಳೆಗೆ ಚುಚ್ಚಿಸಿಕೊಂಡು ವಾಪಸು ಹೋಗುತ್ತಿತ್ತು. ಮೂರನೆಯ ಸುತ್ತಿನಲ್ಲಿ ಅಜ್ಜ ತಾವೇ ಬಾಯಿ ಬಿಟ್ಟರು.

"ಎಡಗಾಲು ಎಳೀತೀನಿ, ನೋಡಿದ್ರಾ? ಚೀಲದ ದೆಸೆಯಿಂದ ಅದು. ಮೂವತ್ತು ವರ್ಷ ಕಾಗದದ ಚೀಲ ಎಡ ಭುಜಕ್ಕೆ ಹಾಕಿದ್ದೆ. ಈಗ ಚೀಲ ಇಲ್ಲ, ಆದ್ರೆ ಕಾಲಿಗೆ ಅದು ಗೊತ್ತಿಲ್ಲ." ಇನ್ನೊಂದು ಸುತ್ತು. "ಗುಬುಟು ಅಷ್ಟೇನೂ ನೋಯಲ್ಲ ನಿಜ ಹೇಳ್ಬೇಕಂದ್ರೆ. ನೋಯೋದು ಕಿರುಬೆರಳು. ಅದನ್ನ ಯಾರೂ ಕೇಳಲ್ಲ, ಚಿಕ್ಕದಲ್ವಾ." ಮತ್ತೊಂದು ಸುತ್ತು. "ಹೆಂಡತಿ ಇದ್ದಾಗ ಕಾಲುವೆ ದಾರಿಯಲ್ಲಿ ಸಂಜೆ ಹೋಗ್ತಿದ್ವಿ. ಅಲ್ಲಿ ನೆಲ ಓರೆ ಇದೆ, ಈಗ ಆಗಲ್ಲ."

ಕಿರುಬೆರಳು. ನಾನು ತಿಂಗಳಿಗೂ ಮೇಲೆ ಗುಬುಟಿಗೆ ಮೆತ್ತೆ ಹಚ್ಚಿದ್ದೆ.

ಏಪ್ರಿಲ್ 3

ಕೆಲಸ. ಎಡ ಹಿಮ್ಮಡಿಯ ಹೊರಗಡೆಗೆ ಒಂದು ಪದರ ಹೆಚ್ಚು ಚರ್ಮ. ಕಿರುಬೆರಳಿಗೆ ಒಳಗೇ ಒಂದು ಸಣ್ಣ ಮನೆ. ಅಜ್ಜ ವಾರಕ್ಕೆ ಎರಡು ಸಲ ಬಂದು ನಡೆಯುತ್ತಾರೆ, ದೂರುತ್ತಾರೆ. ಲೇಸಿನ ಬಗ್ಗೆ ದೂರು, ಶೂವಿನ ನಾಲಿಗೆಯ ಬಗ್ಗೆ ದೂರು, ನನ್ನ ಸ್ಟೂಲಿನ ಬಗ್ಗೆಯೂ ಒಂದು. ಬರೆದುಕೊಳ್ಳುತ್ತೇನೆ. ತುಂಬ ಮಜವಾಗಿದೆ. ಒಬ್ಬ ಸಭ್ಯ ಮನುಷ್ಯನೊಳಗೆ ಇಷ್ಟೊಂದು ದೂರುಗಳು ಮಡಿಚಿಕೊಂಡಿದ್ದವೆಂದು ಯಾರಿಗೆ ಗೊತ್ತಿತ್ತು.

ಬಸ್ಸಿನಲ್ಲಿ ಪಕ್ಕದವಳು ನನ್ನ ಕೈ ಗಾಯ ನೋಡಿ ತಾನಾಗಿಯೇ ಮಾತಾಡಿಸಿದಳು. ಅವಳು ಇಳಿಯುವವರೆಗೂ ಹೇಳಿದಳು. ಏನು ಕೆಲಸ ಮಾಡುತ್ತಾಳೆ, ಯಾಕೆ ಬಿಡಬೇಕೆಂದಿದ್ದಾಳೆ, ಎಲ್ಲ. ಇಲ್ಲಿನವರು ಈಚೆಗೆ ಸ್ವಲ್ಪ ಮಾತುಗಾರರಾಗಿದ್ದಾರೆ. ಚಳಿ ಹೋಗಿದ್ದರಿಂದ ಇರಬೇಕು.

ಏಪ್ರಿಲ್ 19

ಎರಡನೆಯ ಜೊತೆ ಮುಗಿಯಿತು. ಅಜ್ಜ ಹಾಕಿಕೊಂಡರು. "ಎಲ್ಲಿ ಒತ್ತುತ್ತೆ?" ಎಂದು ಕೇಳಿ ಮೊಳೆ ಬಾಯಿಗಿಟ್ಟೆ. ಎರಡು ಕಡೆ ತೋರಿಸಿದರು. ಅಲ್ಲೇ ಸುತ್ತಿಗೆಯಿಂದ ಹಿಗ್ಗಿಸಿದೆ. ಮತ್ತೆ ಹಾಕಿ ನಡೆದರು. "ಇನ್ನು ನೋಡ್ಬೇಕು" ಎಂದು ಹೋದರು. ಹೂವಿನ ಮಾತು ಬರಲಿಲ್ಲ. ನನಗೆ ಕುಣಿಯುವಷ್ಟು ಖುಷಿ.

ಏಪ್ರಿಲ್ 27

ಭಾನುವಾರ. ದೊಡ್ಡಮ್ಮನಿಗೆ ಫೋನ್ ಮಾಡಿದೆ. ಕೈಯಲ್ಲಿ ತರಗತಿಯ ಕೆಲಸವಿತ್ತು, ಬಾಯಲ್ಲಿ ಮೊಳೆಯಿತ್ತು. "ಕಾಲು ಎಲ್ಲಿ ನೋಯುತ್ತೆ ದೊಡ್ಡಮ್ಮ" ಎಂದು ಮೊಳೆಯ ಸಂದಿಯಿಂದ ಕೇಳಿ ಸುಮ್ಮನಾದೆ.

ಆಮೇಲೆ ಅವಳು ಯಜಮಾನರಿಗೆ ಹೇಳಿದ್ದು ಕೇಳಿಸಿತು. "ಲೈನ್ ಕಟ್ಟಾಯ್ತು ನೋಡಪ್ಪ. ಇವಳು ಸುಮ್ಮನಿದಾಳೆ ಅಂದ್ರೆ ಲೈನ್ ಕಟ್ಟಾಗಿರ್ಬೇಕು, ಇಲ್ಲಾ ಜ್ವರ ಬಂದಿರ್ಬೇಕು."

"ಇದೀನಿ ದೊಡ್ಡಮ್ಮ."

"ಇದೀಯಾ? ಮತ್ತೆ ಮಾತಾಡು."

"ನೀನು ಮಾತಾಡು. ಎಲ್ಲಿ ನೋಯುತ್ತೆ?"

ಅಲ್ಲಿ ಟೀವಿ ಒದರುತ್ತಿತ್ತು. ಅದನ್ನು ಯಾರೋ ಆರಿಸಿದರು.

"ಹೇಳಿದ್ರೆ ನೀನು ಬೇಜಾರು ಮಾಡ್ಕೋಬಾರದು. ನಿನ್ನ ಚಪ್ಪಲಿ ಎಲ್ಲಾ ಪಟ್ಟಿ ಹತ್ರ ಕಚ್ಚುತ್ತೆ ಕಣೇ. ಮೆತ್ತನೆದು ಇದೆಯಲ್ಲ, ಅದು ಇನ್ನೂ ಮೋಸ, ಕಾಲು ಒಳಗೇ ಜಾರುತ್ತೆ. ಬಿದ್ರೆ ಏನು ಗತಿ ಅಂತ ಹೊಸಿಲು ದಾಟಲ್ಲ. ಟೀವಿ ಯಾರಿಗೆ ಬೇಕು. ಮೂಲೆ ಮನೆ ನನ್ನ ಗೆಳತಿ ಹೋದ ವರ್ಷದಿಂದ ಹಾಸಿಗೆ ಹಿಡಿದಿದಾಳೆ. ಅವಳ ಹತ್ರ ಹೋಗಿ ಒಂದು ಘಳಿಗೆ ಕೂತು ಬರ್ಬೇಕು. ಅಷ್ಟೇ ನನಗೆ ಬೇಕಾಗಿರೋದು."

ಮೂಲೆ ಮನೆ ನಮ್ಮ ಬಾಗಿಲಿಂದ ಒಂಬತ್ತು ಮನೆ ಆಚೆ.

ಯಜಮಾನರಿಗೆ ಹೇಳಿದೆ: ದೊಡ್ಡಮ್ಮನನ್ನು ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಎಳೆಯಿರಿ, ಟೇಪು ಹಿಡಿದು ಬೆರಳು, ನಡುಪಾದ, ಹಿಮ್ಮಡಿ ಸುತ್ತಳತೆ ತೆಗೆಯಿರಿ, ನಡೆಯುವುದರ ವಿಡಿಯೋ ಕಳಿಸಿ. "ಹೂಂ" ಎಂದರು. ಸಂಜೆಯೊಳಗೆ ಎಲ್ಲ ಬಂತು, ಟಿಕೆಟ್ ಹರಿದ ಹಾಗೆ ಅಚ್ಚುಕಟ್ಟಾಗಿ.

ಮೇ 24

ಪರೀಕ್ಷೆ. ಮೂವರು ಪರೀಕ್ಷಕರು ಉದ್ದನೆ ಮೇಜಿನ ಹಿಂದೆ. ಹೆಸರು ಕರೆದರು, ಅಜ್ಜ ಒಳಗೆ ಬಂದರು. ಕೈಯಲ್ಲಿ ಬಟ್ಟೆ ಚೀಲ ಇರಲಿಲ್ಲ. ಅದನ್ನೇ ಮೊದಲು ನೋಡಿದೆ.

ಶೂ ಬಿಚ್ಚಿ ಮೇಜಿನ ಮೇಲೆ ಮಗುಚಿದರು. ಅಟ್ಟೆ ಬೂದು ಬಣ್ಣಕ್ಕೆ ತಿರುಗಿತ್ತು. ಎಡ ಹಿಮ್ಮಡಿಯ ಹೊರ ಅಂಚು ಸವೆದಿತ್ತು, ಸಂದಿಯಲ್ಲಿ ಕೆಂಪು ಮಣ್ಣು ಕಚ್ಚಿಕೊಂಡಿತ್ತು. ಇಷ್ಟು ಚೆಂದದ ಕೊಳೆಯನ್ನು ನಾನು ನೋಡಿಲ್ಲ.

"ಏನಾದ್ರೂ ತೊಂದರೆ ಇದೆಯಾ?" ನಡುವಿನ ಪರೀಕ್ಷಕರು ಕೇಳಿದರು.

ಅಜ್ಜ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. "ಇದೆ. ಲೇಸು ಉದ್ದ. ಬಣ್ಣ ಇಷ್ಟ ಆಗಿಲ್ಲ, ಕಪ್ಪು ಕೇಳಿದ್ದೆ. ಬಲಗಾಲ ಹೆಬ್ಬೆರಳಿಗೆ ಬೆಳಗ್ಗೆ ಹೊತ್ತು ಸ್ವಲ್ಪ ಬಿಗಿ." ಕನ್ನಡಕ ತೆಗೆದು ಜೇಬಿಗಿಟ್ಟರು. ನನ್ನ ನಾಲಿಗೆ ಒಂದು ಮೊಳೆಯನ್ನು ಹುಡುಕಿತು, ಸಿಗಲಿಲ್ಲ. "ಆದ್ರೆ ಇವತ್ತು ನಾನು ಬಸ್ಸಲ್ಲಿ ಬಂದಿಲ್ಲ. ಕಾಲುವೆ ದಾರಿ ಹಿಡಿದು ನಡೆದು ಬಂದೆ."

ಮೂವರೂ ಏನೋ ಬರೆದುಕೊಂಡರು. ಮಧ್ಯಾಹ್ನ ಗೋಡೆಗೆ ಪಾಸಾದವರ ಪಟ್ಟಿ ಹಚ್ಚಿದರು. ನನ್ನ ಹೆಸರು ಇತ್ತು, ಪಕ್ಕದಲ್ಲಿ ಒಂದು ಸಾಲು ಷರಾ, "ಧರಿಸಿದವರ ದೂರು ಸ್ಪಷ್ಟವಾಗಿದೆ." ಬೈದಿದ್ದಾರೇನೋ ಎಂದು ಮೇಡಂಗೆ ತೋರಿಸಿದೆ.

"ನಮ್ಮಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ" ಎಂದರು. ಮತ್ತೆ ನಕ್ಕರು. ಹಲ್ಲು ಚೆನ್ನಾಗಿಯೇ ಇವೆ.

ಜೂನ್ 8

ಮೇಡಂ ಶಾಲೆಯ ಬೀಗದಕೈ ಕೊಟ್ಟಿದ್ದಾರೆ. ದೊಡ್ಡಮ್ಮನ ಅಚ್ಚು ಕೆತ್ತಿ, ಅವಳಿಗೊಂದು ಜೊತೆ ಪಾದರಕ್ಷೆ ಮುಗಿಸಿದೆ. ಪಾದದಡಿಗೆ ಹಾಸುವ ಒಳಪಟ್ಟಿ ಇನ್ನೂ ಅಂಟಿಸಿಲ್ಲ. ಅವಳು ಬೈದ ಮೇಲೆ ಅಂಟಿಸಬೇಕು. ಊರಿಗೆ ಹೊರಡುವ ಹೊತ್ತಾಯಿತು, ಕಂಬಳಿ ನರ್ಸ್ ಹುಡುಗಿಗೆ ಕೊಟ್ಟೆ. ಅವಳು ತಬ್ಬಿಕೊಂಡು ತನ್ನ ಭಾಷೆಯಲ್ಲಿ ಏನೋ ಅಂದಳು, ನಾನು ಕನ್ನಡದಲ್ಲಿ ಏನೋ ಅಂದೆ. ಇಬ್ಬರಿಗೂ ಅರ್ಥವಾಯಿತು.

ಜೂನ್ 14, ಮನೆ

ದೊಡ್ಡಮ್ಮ ಮಂಚದ ಮೇಲೆ ಕೂತು ಕಾಲು ಮುಂದೆ ಚಾಚಿದಳು. ಹಾಕಿದೆ. ಎದ್ದು ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟಳು. ನಾನು ಕೆಳಗೆ ಕೂತು ನೋಡುತ್ತಿದ್ದೆ.

"ಇಲ್ಲಿ ಒತ್ತುತ್ತೆ" ಎಂದಳು. ಸರಿಮಾಡಿದೆ. "ಈಗ ಇಲ್ಲಿ." ಸರಿಮಾಡಿದೆ. ಅಂತೂ ಸಂಜೆಯಾಯಿತು. ಗೋಡೆ ಬಿಟ್ಟಳು.

ಊಟಕ್ಕೆ ಕೂತಾಗ ಯಜಮಾನರು ನನ್ನನ್ನೇ ನೋಡುತ್ತಿದ್ದರು. "ಏನು ಸಮಾಚಾರ? ಮನೆ ಇಷ್ಟು ನಿಶ್ಶಬ್ದ ಇದೆ." ಪ್ರಯಾಣದ ಆಯಾಸ ಎಂದೆ. ಆಮೇಲೆ ಅವರೇ ಮಾತಾಡಿದರು. ಅಂಗಡಿಯಲ್ಲಿ ಒಂದು ಬೆಂಚು ಹಾಕಿಸಿದ್ದಾರಂತೆ. ಬಂದವರಿಗೆ ಚಪ್ಪಲಿ ಹಾಕಿಸಿ "ರಸ್ತೆ ತುದಿಯವರೆಗೆ ಹೋಗಿ ಬನ್ನಿ" ಅನ್ನುವುದು, ಬೇರೆ ಮಾತಿಲ್ಲ. ಹೋದವರಲ್ಲಿ ಬಹಳ ಮಂದಿ ಬಂದು ಕೊಂಡಿದ್ದಾರೆ. ಒಬ್ಬ ಹೋದವನು ಬರಲೇ ಇಲ್ಲ. "ಅವನಿಗೆ ಸರಿಹೋಯ್ತು ಅಂತ ಅರ್ಥ" ಎಂದರು.

ಜುಲೈ 2

ಲೆಕ್ಕ ಮುಗಿಸುತ್ತೇನೆ.

ಅಂಚೆಯಜ್ಜ: ಒಂದು ಜೊತೆ ಶೂ, ಕಾಲುವೆ ದಾರಿ. ಬಣ್ಣದ ಬಗ್ಗೆ ಇನ್ನೂ ಮೆಸೇಜು ಕಳಿಸುತ್ತಾರೆ.

ನರ್ಸ್ ಹುಡುಗಿ: ಒಂದು ಕಂಬಳಿ, ಇಡೀ ಒಲೆ.

ಯಜಮಾನರು: ಗಲ್ಲಾ. ಬಿಟ್ಟುಕೊಡುವ ಲಕ್ಷಣವಿಲ್ಲ. ನಾನು ಪಕ್ಕದ ಬಾಗಿಲಲ್ಲಿ ಅಳತೆಯ ಕೆಲಸಕ್ಕೆ ಕೂರುತ್ತೇನೆ.

ಮೊಬೈಲ್ ರಿಪೇರಿಯವನು: ಎರಡು ತಿಂಗಳ ನೋಟಿಸು, ಎದುರು ಸಾಲಿನಲ್ಲಿ ಇದಕ್ಕಿಂತ ಒಳ್ಳೆಯ ಅಂಗಡಿ.

ತಂಗಿ: ಬಿಟ್ಟ ಮಾತು ವಾಪಸು. ಹಿಮ್ಮಡಿ ನೋವಂತೆ. ಎಲ್ಲಿ ಎಂದು ಕೇಳಿದೆ, ಒಂದು ಗಂಟೆ ಹೇಳಿದಳು. ಹಿಮ್ಮಡಿಯ ವಿಷಯ ಕೊನೆಯ ಐದು ನಿಮಿಷ.

ನನಗೆ: ಒಂದು ಸರ್ಟಿಫಿಕೇಟು, ಒಂದು ಡಬ್ಬಿ ಮೊಳೆ. ಬಳೆಗಳು ಇನ್ನೂ ಬಂದಿಲ್ಲ.

ದೊಡ್ಡಮ್ಮ: ದಿನಾ ಸಂಜೆ ಮೂಲೆ ಮನೆ. ಇವತ್ತು ಅವಳು ಮಲಗಿದ ಮೇಲೆ ಮಂಚದ ಕೆಳಗಿನಿಂದ ಎತ್ತಿ ತಿರುಗಿಸಿ ನೋಡಿದೆ. ಬಲ ಹಿಮ್ಮಡಿ ಆಗಲೇ ಸವೆದಿದೆ. ತಿಂಗಳೊಳಗೆ ಹೊಸ ಅಟ್ಟೆ ಹಾಕಬೇಕು.